ಮಕ್ಕಳಿಗೆ ಹೊಡೆಯೋದನ್ನ ಕಾನೂನು ತಡೀಬೇಕಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಜೆ 6ರಿಂದ ನಮ್ಮ ಬಳಗದ ಮಕ್ಕಳ ಡಾಕ್ಟರ್ ಉತ್ತರ ಕೊಡ್ತಾರೆ. ಫಾರ್ವರ್ಡ್ ಮೆಸೇಜ್ ಹಾಕ್ಬೇಡಿ ದಯವಿಟ್ಟು.

ಬಸವನಗುಡಿ ಅಪ್ಪ: ಮೇಡಂ, ಸ್ಕಾಟ್ಲೆಂಡ್‌ನಲ್ಲಿ ಅಪ್ಪ ಅಮ್ಮ ಹೊಡೆಯೋ ಹಾಗೂ ಇಲ್ವಂತೆ. ನಮ್ಮಲ್ಲೂ ಬರಬೇಕಾ? ಒಂದೇಟಿಗೆಲ್ಲ ಜೈಲಾ?

ಡಾಕ್ಟರ್: ಬರಬೇಕು ಸರ್. ಸ್ವೀಡನ್ 1979ರಲ್ಲೇ ತಂದಿತು, ಸ್ಕಾಟ್ಲೆಂಡ್ 2020, ವೇಲ್ಸ್ 2022. ನೇಪಾಳ ಕೂಡ 2018ರಲ್ಲಿ ಮಾಡಿದೆ. ಜೈಲಿನ ಮಾತಿಗೆ ಬಂದರೆ, ಸ್ವೀಡನ್‌ನ ಆ ನಿಯಮಕ್ಕೆ ಅಂತ ಪ್ರತ್ಯೇಕ ಶಿಕ್ಷೆಯೇ ಇಲ್ಲ. ಹಾಲಿನ ಪೊಟ್ಟಣದ ಮೇಲೆ ಅಚ್ಚು ಹಾಕಿ ಮನೆಮನೆಗೆ ತಿಳಿಸಿದರು. ನಂದಿನಿ ಪ್ಯಾಕೆಟ್ ಮೇಲೂ ಹಾಕಬಹುದು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯೋದನ್ನ ನಿಷೇಧಿಸಿದೆ. ಮನೆಯಲ್ಲಿ ಕ್ರೌರ್ಯ ಅನ್ನಿಸುವ ಮಟ್ಟಕ್ಕೆ ಹೋದರೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಆದರೆ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ, 12 ವರ್ಷದೊಳಗಿನ ಮಗುವಿನ ಒಳ್ಳೇದಕ್ಕೆ ಪೋಷಕರು ಸದುದ್ದೇಶದಿಂದ ಮಾಡಿದ್ದಕ್ಕೆ ವಿನಾಯಿತಿ ಕೊಡುತ್ತೆ. ಮೇಷ್ಟ್ರು ಹೊಡೆದರೆ ತಪ್ಪು, ಅದೇ ಏಟು ಮನೆಯಲ್ಲಿ ಬಿದ್ದರೆ "ತಿದ್ದೋಕೆ ಹೊಡೆದೆ" ಅನ್ನೋಕೆ ಜಾಗ.

ಮಲ್ಲೇಶ್ವರದ ಅಜ್ಜಿ: ನಾಲ್ಕು ಮಕ್ಕಳನ್ನ ಸಾಕಿದೀನಿ ಕಣಮ್ಮ. ಎಲ್ಲರೂ ಚೆನ್ನಾಗಿದಾರೆ. ದಂಡಂ ದಶಗುಣಂ ಅಂತ ದೊಡ್ಡವರು ಸುಮ್ನೆ ಹೇಳಿದ್ರಾ?

ಡಾಕ್ಟರ್: ಅಮ್ಮ, ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತಿದ್ದು, ಇಲ್ಲದಾಗಲೂ ಫೀಸು ಹೊಂದಿಸಿದ್ದು ಎಲ್ಲ ನೀವೇ ಅಲ್ವಾ? ಮಕ್ಕಳು ಚೆನ್ನಾಗಾಗಿದ್ದು ಅದರಿಂದ. ಆ ಹೆಸರನ್ನ ಕೋಲಿಗೆ ಯಾಕೆ ಕೊಡ್ತೀರಿ?

ಯಲಹಂಕದ ಅಮ್ಮ: 2 ವರ್ಷದ ಮಗಳು ಎಲ್ಲರಿಗೂ ಕಚ್ತಾಳೆ ಮೇಡಂ, ಏನ್ ಮಾಡ್ಲಿ?

ಆರ್.ಟಿ. ನಗರ ಅಪ್ಪ: ಮೆಲ್ಲಗೆ ಒಂದು ಏಟು ಪರವಾಗಿಲ್ವಾ?

ಡಾಕ್ಟರ್: ಇಲ್ಲ.

ವಿಜಯನಗರದ ಅಮ್ಮ: ಮೇಡಂ, ಮಗನಿಗೆ 6 ವರ್ಷ. ಹಾಸಿಗೆ ಒದ್ದೆ ಮಾಡೋದು ಯಾವಾಗಲೋ ನಿಂತಿತ್ತು. ಈಗ ಮೂರು ವಾರದಿಂದ ದಿನಾ ಮಾಡ್ತಾನೆ. ಬೇಕಂತ ಮಾಡ್ತಾನೆ ಅಂತ ನಮ್ಮನೆಯವರು ಬೆಲ್ಟ್ ತಗೋತಾರೆ. ಬೆನ್ನ ಮೇಲೆ ಬಾಸುಂಡೆ ಬಂದಿದೆ.

ಜೆ.ಪಿ. ನಗರ ಅಂಕಲ್: ಎಲ್ಲರಿಗೂ ಕಳಿಸಿ!! ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಮಕ್ಕಳಿಗೆ ರಾಮಬಾಣ. ಸಂಜೆ 5ರ ಮೇಲೆ ನೀರು ಬಂದ್. ದಿನಾ ಎರಡು ಕರಿ ಎಳ್ಳು ಬೆಲ್ಲದ ಉಂಡೆ. ಹಟ ಮಾಡಿದರೆ ಒಣಮೆಣಸಿನಕಾಯಿ ಘಾಟು.

ಡಾಕ್ಟರ್: ವಿಜಯನಗರದ ಅಮ್ಮ, ಅದ್ಯಾವುದನ್ನೂ ಮಾಡಬೇಡಿ. ನೀರು ಜಾಸ್ತಿ ಕುಡೀತಾನಾ? ತೂಕ ಇಳಿದಿದೆಯಾ?

ವಿಜಯನಗರದ ಅಮ್ಮ: ಹೌದು, ಬಾತ್‌ರೂಮ್ ನಲ್ಲಿಗೂ ಬಾಯಿ ಹಾಕ್ತಾನೆ. ಯೂನಿಫಾರ್ಮ್ ಚಡ್ಡಿ ಸೊಂಟದಲ್ಲಿ ನಿಲ್ಲಲ್ಲ, ಪಿನ್ ಹಾಕಿ ಕಳಿಸ್ತಿದೀನಿ.

ಡಾಕ್ಟರ್: ಈಗಲೇ ಹತ್ತಿರದ ಲ್ಯಾಬ್‌ಗೆ ಕರ್ಕೊಂಡು ಹೋಗಿ ಶುಗರ್ ನೋಡಿಸಿ, ಬೆಳಗ್ಗೆವರೆಗೆ ಕಾಯಬೇಡಿ. ಖಾಲಿ ಹೊಟ್ಟೆ ಬೇಕಿಲ್ಲ. ಒಮ್ಮೆ ನಿಂತದ್ದು ಮತ್ತೆ ಶುರುವಾದರೆ ಮೂತ್ರದ ಸೋಂಕು ಇರಬಹುದು, ಮಲಬದ್ಧತೆ ಇರಬಹುದು, ಹೆದರಿಕೆಯೂ ಇರಬಹುದು. ಆದರೆ ಬಾಯಾರಿಕೆ, ಇಳಿದ ತೂಕ ಜೊತೆಗಿದ್ದರೆ ನಾನು ಮೊದಲು ಹೆದರೋದು ಟೈಪ್ 1 ಡಯಾಬಿಟಿಸ್‌ಗೆ. ಇನ್ಸುಲಿನ್ ಇಲ್ಲದೆ ಸಕ್ಕರೆ ರಕ್ತದಲ್ಲೇ ಉಳಿದು ಮೂತ್ರದಲ್ಲಿ ಹೋಗುತ್ತೆ, ನೀರನ್ನೂ ಎಳ್ಕೊಂಡು ಹೋಗುತ್ತೆ. ಇಂಥ ಮಗುವಿಗೆ ನೀರು ಬಂದ್ ಮಾಡಿ ಬೆಲ್ಲ ತಿನ್ನಿಸಿದರೆ ಜೀವಕ್ಕೇ ಕುತ್ತು. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ, ಯಾವುದು ಕಂಡರೂ ಲ್ಯಾಬ್ ಬಿಟ್ಟು ನೇರ ಆಸ್ಪತ್ರೆಗೆ. ಡಯಾಬಿಟಿಸ್ ಅಲ್ಲದಿದ್ದರೂ ನಿದ್ದೆಯಲ್ಲಿ ಆಗೋದಕ್ಕೆ ಮಗು ಹೊಣೆ ಅಲ್ಲ. ಬಸವನಗುಡಿಯವರೇ, ಈ ಅಪ್ಪ ಹೊಡೆದಿದ್ದೂ ತಿದ್ದೋಕೇ. ಸದುದ್ದೇಶದ ವಿನಾಯಿತಿ ಬೇಡ ಅಂತ ನಾನು ಹೇಳೋದು ಇದಕ್ಕೆ. ಹೊಡೆಯೋ ದಾರಿ ಮುಚ್ಚಿದ್ದರೆ ಮೂರು ವಾರದ ಹಿಂದೆಯೇ ಯಾಕೆ ಹೀಗಾಗ್ತಿದೆ ಅಂತ ಯಾರಾದರೂ ಕೇಳ್ತಿದ್ದರು.

ಜೆ.ಪಿ. ನಗರ ಅಂಕಲ್: ಎಳ್ಳುಂಡೆ ನಮ್ಮ ಪರಂಪರೆ. ಇಂಗ್ಲಿಷ್ ಔಷಧಿಯವರಿಗೆ ಎಲ್ಲಾ ತಪ್ಪೇ.

ಡಾಕ್ಟರ್: ಮೆಣಸಿನಕಾಯಿ ಘಾಟು ಉಸಿರಿನ ದಾರಿಯನ್ನ ಬಿಗಿಸುತ್ತೆ. ಅದನ್ನ ಮಗುವಿನ ಮುಖಕ್ಕೆ ಹಿಡಿಯೋದು ಹಿಂಸೆ, ಪರಂಪರೆ ಅಲ್ಲ. ಆ ಮೆಸೇಜ್ ಡಿಲೀಟ್ ಮಾಡಿ.

ಜೆ.ಪಿ. ನಗರ ಅಂಕಲ್: ನಾವು ಏಟು ತಿಂದೇ ಇಂಜಿನಿಯರ್ ಆಗಿದ್ದು.

ದೊಮ್ಮಲೂರು ಅಮ್ಮ: ನಾನೂ ತಿಂದಿದೀನಿ. ಅಪ್ಪ ಗೇಟ್ ತೆಗೆದ ಸದ್ದಿಗೆ ಪುಸ್ತಕ ಹಿಡಿತಿದ್ದೆ, ಒಂದಕ್ಷರ ತಲೆಗೆ ಹೋಗ್ತಿರ್ಲಿಲ್ಲ. ನಿಮ್ಮ ಡಿಗ್ರಿಗೂ ಬೆಲ್ಟಿಗೂ ಏನ್ರೀ ಸಂಬಂಧ?

ಜೆ.ಪಿ. ನಗರ ಅಂಕಲ್: ಈಗಿನವರು ಮಕ್ಕಳನ್ನ ತಲೆ ಮೇಲೆ ಕೂರಿಸ್ಕೊಂಡು ಕುಣಿಸ್ತಾರೆ. ನಿಮ್ಮನೆ ಮಕ್ಕಳು ಹೇಗಿದಾರೋ ನೋಡಿದೀವಿ ಬಿಡಿ.

ದೊಮ್ಮಲೂರು ಅಮ್ಮ: ಮಕ್ಕಳ ಸುದ್ದಿಗೆ ಬರ್ಬೇಡಿ. ಮರ್ಯಾದೆ ಇರ್ಲಿ.

ಆರ್.ಟಿ. ನಗರ ಅಪ್ಪ: ಮೇಡಂ, ಕೆನ್ನೆಗೆ ಮಾತ್ರ ಮೆಲ್ಲಗೆ?

ಡಾಕ್ಟರ್: ಕೆನ್ನೆಗೆ ಅಂತ ಬೀಸಿದ ಕೈ ಕಿವಿಗೆ ಬೀಳುತ್ತೆ. ಕಿವಿ ತಮಟೆ ಹರಿದ ಮಕ್ಕಳನ್ನ ನೋಡಿದೀನಿ. ಇನ್ನು ಇದನ್ನ ಕೇಳಬೇಡಿ.

ಕೆಂಗೇರಿ ಸದಸ್ಯೆ: ಪಕ್ಕದ ಮನೇಲಿ ದಿನಾ ಮಗು ಅರಚೋದು ಕೇಳುತ್ತೆ. ಯಾರಿಗೆ ಹೇಳೋದು?

ಡಾಕ್ಟರ್: 1098, ಮಕ್ಕಳ ಸಹಾಯವಾಣಿ. ಇವತ್ತೇ ಮಾಡಿ.

ಯಲಹಂಕದ ಅಮ್ಮ: ಮೇಡಂ ಕಚ್ಚೋದಕ್ಕೆ ಏನಾದ್ರೂ...

ಹೆಬ್ಬಾಳದ ಅಪ್ಪ: ಹಾಸಿಗೆ ಒದ್ದೆಗೆ ಎಳ್ಳುಂಡೆ ಕೊಡಬಹುದಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಜೆ.ಪಿ. ನಗರ ಅಂಕಲ್: ಕಾನೂನು ಬಂದ್ರೆ ಮಕ್ಕಳೇ ಸ್ಟೇಷನ್‌ಗೆ ಹೋಗ್ತಾರೆ, ಆಗ ನೋಡ್ಕೊಳ್ಳಿ.

ಅಡ್ಮಿನ್: ಸಾಕು ಸರ್.

ವಿಜಯನಗರದ ಅಮ್ಮ: ಮೇಡಂ 418 ಬಂದಿದೆ. ವಾಂತಿ ಇಲ್ಲ. ಸುಸ್ತಾಗಿದಾನೆ. ನಮ್ಮನೆಯವರೂ ಜೊತೇಲಿದಾರೆ.

ಡಾಕ್ಟರ್: ಮನೆಗೆ ಹೋಗಬೇಡಿ, ಅಲ್ಲಿಂದಲೇ ಹೊರಡಿ. ವಾಣಿವಿಲಾಸ ಅಥವಾ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಯ ಎಮರ್ಜೆನ್ಸಿಗೆ. ರಿಪೋರ್ಟ್ ಕೈಯಲ್ಲಿರಲಿ. ನೀರು ಕೇಳಿದರೆ ಕೊಡಿ. ಜ್ಯೂಸ್, ಬಿಸ್ಕತ್ತು ಬೇಡ. ಬೆನ್ನಿನ ಬಾಸುಂಡೆ ನೋಡಿ ಡಾಕ್ಟರ್ ಕೇಳ್ತಾರೆ, ಹೇಗಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಬಿದ್ದ ಅನ್ನಬೇಡಿ. ಉಳಿದವರು ಸ್ವಲ್ಪ ಹೊತ್ತು ಇಲ್ಲಿ ಬರೀಬೇಡಿ, ಅವರ ಮೆಸೇಜ್ ನನಗೆ ಕಾಣಬೇಕು.