ಎಂಜಿನ್‌ಎಕ್ಸ್‌ನಲ್ಲಿ ಪಿಎಚ್‌ಪಿ ಪುಟ ತೆರೆಯದೆ ಕಡತವೇ ಡೌನ್‌ಲೋಡ್ ಆಗುತ್ತಿದೆ

ಪ್ರಶ್ನೆ

ನಮಸ್ಕಾರ. ನಮ್ಮ ಊರಿನ ವಾಚನಾಲಯದ ಪುಸ್ತಕಪಟ್ಟಿಯನ್ನು ತೋರಿಸುವ ಪುಟ್ಟ ಜಾಲತಾಣವನ್ನು ಶೇರ್ಡ್ ಹೋಸ್ಟಿಂಗ್‌ನಿಂದ ಉಬುಂಟು 22.04 ಇರುವ ಬೇರೊಂದು ಸರ್ವರ್‌ಗೆ ಸಾಗಿಸಿದ್ದೇನೆ. ಅಲ್ಲಿ ವೆಬ್ ಸರ್ವರ್ ತಂತ್ರಾಂಶವಾಗಿ ಅಪಾಚಿ ಇತ್ತು, ಇಲ್ಲಿ ಎಂಜಿನ್‌ಎಕ್ಸ್ ಹಾಕಿದ್ದೇನೆ. ಜಾಲತಾಣದ ವಿಳಾಸವನ್ನಷ್ಟೇ ಕೊಟ್ಟರೆ 403 (ಅನುಮತಿ ಇಲ್ಲ ಎಂಬ ದೋಷ) ಬರುತ್ತದೆ. ಕೊನೆಗೆ ಇಂಡೆಕ್ಸ್ ಡಾಟ್ ಪಿಎಚ್‌ಪಿ ಎಂದು ಸೇರಿಸಿದರೆ ಆ ಕಡತ ಡೌನ್‌ಲೋಡ್ ಆಗುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನಾನು ಪಿಎಚ್‌ಪಿ ಭಾಷೆಯಲ್ಲಿ ಬರೆದ ಕೋಡ್ ಮೊದಲ ಸಾಲಿನಿಂದ ಕೊನೆಯವರೆಗೆ ಹಾಗೆಯೇ ಇದೆ. ಟರ್ಮಿನಲ್‌ನಲ್ಲಿ ಪಿಎಚ್‌ಪಿ ಆವೃತ್ತಿ ಕೇಳಿದರೆ 8.1 ಎಂದು ಬರುತ್ತದೆ. ಎಲ್ಲಿ ತಪ್ಪಿದ್ದೇನೆಂದು ದಯವಿಟ್ಟು ತಿಳಿಸಿ.

ಉತ್ತರ 1

ಟರ್ಮಿನಲ್‌ನಲ್ಲಿ ಉತ್ತರಿಸುವ ಪಿಎಚ್‌ಪಿ ಬೇರೆ, ವೆಬ್ ಪುಟಗಳಿಗೆ ಬೇಕಾದದ್ದು ಬೇರೆ. ಅಪಾಚಿಯಲ್ಲಿ ಪಿಎಚ್‌ಪಿಯನ್ನು ಮಾಡ್ಯೂಲ್ ಆಗಿ ಸರ್ವರ್‌ನೊಳಗೇ ಕೂರಿಸಬಹುದು. ಎಂಜಿನ್‌ಎಕ್ಸ್‌ಗೆ ಸ್ವತಃ ಪಿಎಚ್‌ಪಿ ನಡೆಸಲು ಬರುವುದಿಲ್ಲ. ಅದು ಕೋರಿಕೆಯನ್ನು ಪಿಎಚ್‌ಪಿ-ಎಫ್‌ಪಿಎಂ ಎಂಬ ಪ್ರತ್ಯೇಕ ಸೇವೆಗೆ ಫಾಸ್ಟ್‌ಸಿಜಿಐ ಎಂಬ ಸಂವಹನ ವಿಧಾನದ ಮೂಲಕ ದಾಟಿಸಿ, ಅಲ್ಲಿಂದ ಬಂದ ಎಚ್‌ಟಿಎಂಎಲ್ ಅನ್ನು ಬ್ರೌಸರ್‌ಗೆ ಕೊಡುತ್ತದೆ. ಹಾಗೆ ದಾಟಿಸಬೇಕೆಂದು ನೀವು ಹೇಳದಿದ್ದರೆ, ಅದರ ಪಾಲಿಗೆ ನಿಮ್ಮ ಕಡತ ಬಗೆ ಗೊತ್ತಿಲ್ಲದ ಇನ್ನೊಂದು ಕಡತವಷ್ಟೇ. ಅಂಥವನ್ನು ಅದು ಆಕ್ಟೆಟ್-ಸ್ಟ್ರೀಮ್ ಎಂಬ ಗುರುತಿನೊಡನೆ ಕಳಿಸುವುದರಿಂದ ಬ್ರೌಸರ್ ಉಳಿಸಿಕೊಳ್ಳುತ್ತದೆ.

ಮೊದಲು ಎಫ್‌ಪಿಎಂ ಪ್ಯಾಕೇಜ್ ಹಾಕಿ. ಉಬುಂಟುವಿನಲ್ಲಿ ಬರೀ ಪಿಎಚ್‌ಪಿ ಎಂಬ ಪ್ಯಾಕೇಜ್ ಹಾಕಿದರೆ ಅದರ ಬೆನ್ನಿಗೆ ಅಪಾಚಿಯೂ ಬಂದು ಕೂರುತ್ತದೆ; ನಿಮ್ಮಲ್ಲೂ ಹಾಗಾಗಿದ್ದರೆ, ಅದು ಮುಂದೆ ವೆಬ್ ಕೋರಿಕೆಗಳು ಬರುವ 80ನೆಯ ಪೋರ್ಟ್‌ಗಾಗಿ ಜಗಳ ತೆಗೆಯುವ ಮೊದಲೇ ನಿಲ್ಲಿಸಿಬಿಡಿ. ಆಮೇಲೆ ಸೈಟ್ಸ್-ಅವೈಲಬಲ್ ಫೋಲ್ಡರ್‌ನಲ್ಲಿರುವ ಡಿಫಾಲ್ಟ್ ಕಡತವನ್ನು ತೆರೆಯಿರಿ. ಪಿಎಚ್‌ಪಿಗೆ ಸಂಬಂಧಿಸಿದ ಲೊಕೇಶನ್ ಬ್ಲಾಕ್ (ಯಾವ ಕೋರಿಕೆಯನ್ನು ಏನು ಮಾಡಬೇಕೆಂದು ಹೇಳುವ ಭಾಗ) ಅಲ್ಲಿ ಕಾಮೆಂಟ್ ಆಗಿ ಇದ್ದೇ ಇದೆ. ಅದರ ಆದೇಶದ ಸಾಲುಗಳ ಮುಂದಿನ ಹ್ಯಾಶ್ ಗುರುತುಗಳನ್ನು ತೆಗೆಯಬೇಕು; ಫಾಸ್ಟ್‌ಸಿಜಿಐ-ಪಾಸ್ ಎಂಬ ಎರಡು ಸಾಲುಗಳಲ್ಲಿ ಮಾತ್ರ ಎಫ್‌ಪಿಎಂ ಸಾಕೆಟ್ (ಎಂಜಿನ್‌ಎಕ್ಸ್ ಮತ್ತು ಎಫ್‌ಪಿಎಂ ಮಾತಾಡಿಕೊಳ್ಳುವ ವಿಶೇಷ ಕಡತ) ಇರುವ ಒಂದನ್ನಷ್ಟೇ ತೆರೆಯಿರಿ. 403 ಬರುತ್ತಿರುವುದು ಇಂಡೆಕ್ಸ್ ಸಾಲಿನಲ್ಲಿ ಇಂಡೆಕ್ಸ್ ಡಾಟ್ ಪಿಎಚ್‌ಪಿಯ ಹೆಸರಿಲ್ಲದ ಕಾರಣ, ಅದನ್ನೂ ಸೇರಿಸಿ. ಎಂಜಿನ್‌ಎಕ್ಸ್‌ನ ಪರೀಕ್ಷಾ ಆದೇಶವನ್ನು ಓಡಿಸಿ, ತಪ್ಪಿಲ್ಲವೆಂದು ಖಚಿತವಾದ ಮೇಲೆಯೇ ರೀಲೋಡ್ ಮಾಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೆ ಅದಕ್ಕಿಂತ ತುರ್ತಿನ ಕೆಲಸವೊಂದಿದೆ. ಕಡತ ನಿಮಗೆ ಡೌನ್‌ಲೋಡ್ ಆಗಿದೆ ಎಂದರೆ ವಿಳಾಸ ಗೊತ್ತಿದ್ದ ಯಾರಿಗಾದರೂ ಆಗಿರಬಹುದು. ಇಂಡೆಕ್ಸ್ ಕಡತವನ್ನು ಓದಿದವರಿಗೆ ಅದು ಕರೆಯುವ ಕಾನ್ಫಿಗ್ ಕಡತದ ಹೆಸರು ತಿಳಿಯುತ್ತದೆ, ಅದನ್ನು ಇಳಿಸಿಕೊಂಡರೆ ಡೇಟಾಬೇಸ್‌ನ ಪಾಸ್‌ವರ್ಡ್ ಕೂಡ ಸಿಗುತ್ತದೆ. ದಯವಿಟ್ಟು ಈಗಲೇ ಎಂಜಿನ್‌ಎಕ್ಸ್ ಸೇವೆಯನ್ನು ನಿಲ್ಲಿಸಿ, ಪಾಸ್‌ವರ್ಡ್ ಬದಲಿಸಿ, ಅನಂತರ ಉಳಿದದ್ದನ್ನು ನೋಡಿ. ಆಕ್ಸೆಸ್ ಲಾಗ್‌ನಲ್ಲಿ (ಬಂದ ಕೋರಿಕೆಗಳ ದಾಖಲೆ) ಕಾನ್ಫಿಗ್ ಕಡತದ ಹೆಸರಿನ ಮುಂದೆ 200 (ಕೋರಿಕೆ ಯಶಸ್ವಿ) ಎಂಬ ಸಂಖ್ಯೆ ಇದೆಯೇ ಎಂದು ಹುಡುಕಿ. ಇದ್ದರೆ ಅದು ಹೊರಗೆ ಹೋಗಿದೆ ಎಂದೇ ತಿಳಿಯಿರಿ.

ಪ್ರಶ್ನೆ ಕೇಳಿದವರು

ಪಾಸ್‌ವರ್ಡ್ ಬದಲಿಸಿದೆ. ಲಾಗ್‌ನಲ್ಲಿ ನನ್ನದಲ್ಲದ ಕೋರಿಕೆ ಕಾಣಲಿಲ್ಲ. ಲೊಕೇಶನ್ ಬ್ಲಾಕ್ ತೆರೆದ ಮೇಲೆ ಡೌನ್‌ಲೋಡ್ ನಿಂತಿತು, ಆದರೆ ಈಗ 502 ಬ್ಯಾಡ್ ಗೇಟ್‌ವೇ ಬರುತ್ತಿದೆ.

ಉತ್ತರ 1

ಅರ್ಧ ದಾರಿ ಬಂದಿದ್ದೀರಿ. ಎಂಜಿನ್‌ಎಕ್ಸ್ ಈಗ ದಾಟಿಸುತ್ತಿದೆ, ಪಡೆಯುವವರು ಅಲ್ಲಿಲ್ಲ. ಆ ಕಾಮೆಂಟ್‌ನಲ್ಲಿ ಬರೆದಿರುವ ಸಾಕೆಟ್ ಹೆಸರಿನಲ್ಲಿ 7.4 ಎಂದಿದೆ, ನಿಮ್ಮಲ್ಲಿರುವುದು 8.1. ರನ್ ಫೋಲ್ಡರ್‌ನೊಳಗಿನ ಪಿಎಚ್‌ಪಿ ಫೋಲ್ಡರ್‌ನಲ್ಲಿ ಯಾವ ಸಾಕೆಟ್ ಇದೆಯೆಂದು ನೋಡಿ, ಅದೇ ಹೆಸರನ್ನು ಅಕ್ಷರ ತಪ್ಪದೆ ಬರೆಯಿರಿ. ಎರರ್ ಲಾಗ್‌ನಲ್ಲಿ ಕನೆಕ್ಟ್ ವಿಫಲವಾದ ಸಾಲಿನ ಪಕ್ಕದ ಸಂಖ್ಯೆ 2 ಆಗಿದ್ದರೆ ಸಾಕೆಟ್ ಅಲ್ಲಿಲ್ಲ ಎಂದರ್ಥ. 13 ಆಗಿದ್ದರೆ ಸಾಕೆಟ್ ಇದೆ, ಅನುಮತಿ ಇಲ್ಲ. ಮುಂದೆ ಪಿಎಚ್‌ಪಿಯ ಆವೃತ್ತಿ ಏರಿಸಿದಾಗಲೂ ಈ ಸಾಲು ನೆನಪಿರಲಿ.

ಉತ್ತರ 2

ಅಪಾಚಿಯಿಂದ ಬಂದವರಾದ್ದರಿಂದ ಇನ್ನೊಂದು ಮಾತು. ಅಪಾಚಿಯಲ್ಲಿ ಫೋಲ್ಡರ್‌ವಾರು ನಿಯಮ ಬರೆಯುವ ಎಚ್‌ಟಿ-ಆಕ್ಸೆಸ್ ಕಡತಗಳನ್ನು ಎಂಜಿನ್‌ಎಕ್ಸ್ ಓದುವುದೇ ಇಲ್ಲ. ಹಳೆಯ ಸರ್ವರ್‌ನಲ್ಲಿ ಅವುಗಳ ಮೂಲಕ ನೀವು ಯಾವ ಫೋಲ್ಡರ್‌ಗಳಿಗೆ ತಡೆ ಹಾಕಿದ್ದಿರೋ ಅವೆಲ್ಲ ಈಗ ಬಯಲಾಗಿವೆ.

ಪ್ರಶ್ನೆ ಕೇಳಿದವರು

ಸಾಕೆಟ್ ಹೆಸರು ತಿದ್ದಿದ ಮೇಲೂ ಬ್ರೌಸರ್ ತಾನು ಉಳಿಸಿಕೊಂಡಿದ್ದ ಹಳೆಯ ಡೌನ್‌ಲೋಡನ್ನೇ ಕೊಟ್ಟಿತು. ಪ್ರೈವೇಟ್ ವಿಂಡೋದಲ್ಲಿ ತೆರೆದಾಗ ಪುಸ್ತಕಪಟ್ಟಿ ಬಂತು. ಆಮೇಲೆ ಬ್ಯಾಕಪ್ ಫೋಲ್ಡರ್‌ನಲ್ಲಿದ್ದ ಡೇಟಾಬೇಸ್‌ನ ಎಸ್‌ಕ್ಯೂಎಲ್ ಕಡತದ ವಿಳಾಸ ಕೊಟ್ಟು ನೋಡಿದೆ. ನೀವು ಹೇಳಿದಂತೆಯೇ, ಯಾವ ತಡೆಯೂ ಇಲ್ಲದೆ ಓದುಗರ ಹೆಸರು ಮತ್ತು ಫೋನ್ ಸಂಖ್ಯೆಗಳೊಡನೆ ಇಳಿದುಬಂತು. ಆ ಫೋಲ್ಡರ್ ಅನ್ನು ವೆಬ್ ರೂಟ್‌ನಿಂದ (ಜಾಲತಾಣದ ಕಡತಗಳಿರುವ ಫೋಲ್ಡರ್) ಹೊರಗೆ ಸಾಗಿಸಿದ್ದೇನೆ. ಅದರ ವಿಳಾಸವನ್ನು ಯಾರಾದರೂ ತೆರೆದಿದ್ದರೇ ಎಂದು ಆಕ್ಸೆಸ್ ಲಾಗ್ ಅನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ.