ಸಿಪ್ಯಾನೆಲ್ ಬದಲು ಯಾವ ಕಂಟ್ರೋಲ್ ಪ್ಯಾನೆಲ್ ಹಾಕೋದು?

ಪ್ರಶ್ನೆ:
2 ಜಿಬಿ ರ‍್ಯಾಮ್ ಇರುವ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಇದೆ. ಅದರಲ್ಲಿ ಹತ್ತು ಹನ್ನೆರಡು ಸಣ್ಣ ವರ್ಡ್‌ಪ್ರೆಸ್ ಸೈಟ್‌ಗಳು, ಕೆಲವಕ್ಕೆ ಇಮೇಲ್ ಕೂಡ ಬೇಕು. ಸರ್ವರ್ ಅನ್ನು ಬ್ರೌಸರ್‌ನಿಂದಲೇ ನಿಭಾಯಿಸುವ ಸಿಪ್ಯಾನೆಲ್ ಕೈಗೆ ಒಗ್ಗಿದೆ, ಆದರೆ 2019ರಿಂದ ಅದರ ಲೈಸೆನ್ಸ್ ಅಕೌಂಟ್ ಲೆಕ್ಕದ್ದು, ಸಣ್ಣ ಸರ್ವರ್‌ಗೆ ಹೊಂದೋದಿಲ್ಲ. ಹೆಸ್ಟಿಯಾ, ವರ್ಚುವಲ್‌ಮಿನ್, ಸೈಬರ್‌ಪ್ಯಾನೆಲ್, ಕ್ಲೌಡ್‌ಪ್ಯಾನೆಲ್ ಇವುಗಳಲ್ಲಿ ಯಾವುದು ಪರವಾಗಿಲ್ಲ?

ಉತ್ತರ 1:
ಮೊದಲು ಇಮೇಲ್ ಎಲ್ಲಿಡುತ್ತೀರಿ ಅಂತ ತೀರ್ಮಾನ ಮಾಡಿ, ಆಮೇಲೆ ಪ್ಯಾನೆಲ್. ಕ್ಲೌಡ್‌ಪ್ಯಾನೆಲ್‌ನಲ್ಲಿ ಮೇಲ್ ಸರ್ವರೇ ಇಲ್ಲ, ಅದಕ್ಕೇ ಅಷ್ಟು ಹಗುರ. ಅದೇ ಸರ್ವರ್‌ನಲ್ಲೇ ಮೇಲ್ ಬೇಕು ಅಂದರೆ ಹೆಸ್ಟಿಯಾ ನೋಡಿ. ಎಕ್ಸಿಮ್, ಡವ್‌ಕಾಟ್ ಎಂಬ ಮೇಲ್ ಸಾಫ್ಟ್‌ವೇರ್‌ಗಳು ಜೊತೆಗೇ ಬರುತ್ತವೆ, ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಹಿಂದೆ ಅಪಾಚೆ ಎಂಬ ಇನ್ನೊಂದನ್ನು ಕೂರಿಸಬಹುದು, ಹಾಗಾಗಿ ಹಳೆಯ ಎಚ್‌ಟಿಆ್ಯಕ್ಸೆಸ್ ಫೈಲ್‌ಗಳು (ಅಪಾಚೆಗೆ ಸೈಟ್‌ನ ನಿಯಮ ಹೇಳುವಂಥವು) ಇದ್ದ ಹಾಗೇ ನಡೆಯುತ್ತವೆ. ಆದರೆ ಇನ್‌ಸ್ಟಾಲ್ ಮಾಡುವಾಗಲೇ ಕ್ಲ್ಯಾಮ್‌ಎವಿ ಆ್ಯಂಟಿವೈರಸ್ ಬೇಡ ಅನ್ನಿ, ಅದೊಂದೇ ಹೆಚ್ಚು ಕಡಿಮೆ 1 ಜಿಬಿ ನುಂಗುತ್ತದೆ, ಆಮೇಲೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಯಾಕೆ ಸಾಯ್ತಿದೆ ಅಂತ ಹುಡುಕುತ್ತಾ ಕೂರಬೇಕು.

ಉತ್ತರ 2:
ಹೆಸ್ಟಿಯಾ ಡೆಬಿಯನ್, ಉಬುಂಟು ಲಿನಕ್ಸ್‌ಗಳ ಮೇಲೆ ಮಾತ್ರ ನಡೆಯುತ್ತದೆ. ಅಲ್ಮಾ, ರಾಕಿ ಲಿನಕ್ಸ್ ಬಳಸುವವರಿಗೆ ವರ್ಚುವಲ್‌ಮಿನ್ ಸರಿ. ಅದು 1997ರಿಂದ ಇರುವ ವೆಬ್‌ಮಿನ್ ಎಂಬ ಸರ್ವರ್ ನಿರ್ವಹಣೆ ಸಾಧನದ ಮೇಲೆ ಕಟ್ಟಿದ್ದು. ಮೆನು ಒಳಗೆ ಮೆನು, ಮೊದಲ ಸಲ ನೋಡಿದರೆ ತಲೆ ತಿರುಗುತ್ತದೆ, ಒಪ್ಪುತ್ತೇನೆ. ಆದರೆ ನೀವು ಕೈಯಾರೆ ತಿದ್ದಿದ ಕಾನ್ಫಿಗ್ ಫೈಲ್‌ಗೆ ಅದು ಮರ್ಯಾದೆ ಕೊಡುತ್ತದೆ. ಟೆಂಪ್ಲೇಟ್‌ನಿಂದ ಎಲ್ಲವನ್ನೂ ಮತ್ತೆ ಬರೆಯುವ ಪ್ಯಾನೆಲ್‌ಗಳು ಹಾಗಲ್ಲ. ಸಿಪ್ಯಾನೆಲ್ ಬ್ಯಾಕಪ್ ಕೊಟ್ಟರೆ ನೇರವಾಗಿ ಇಂಪೋರ್ಟ್ ಕೂಡ ಮಾಡಿಕೊಳ್ಳುತ್ತದೆ.

ಉತ್ತರ 3:
ಸೈಬರ್‌ಪ್ಯಾನೆಲ್‌ನ ಓಪನ್‌ಲೈಟ್‌ಸ್ಪೀಡ್ ವೆಬ್ ಸರ್ವರ್ ವೇಗ, ನಿಜ. ಆದರೆ 2024ರ ಅಕ್ಟೋಬರ್‌ನಲ್ಲಿ ಲಾಗಿನ್ ಇಲ್ಲದೆಯೇ ರೂಟ್ (ಸರ್ವರ್‌ನ ಪೂರ್ಣ ಹಿಡಿತ) ಸಿಗುವ ದೋಷ ಹೊರಬಂದು, ಸಾವಿರಾರು ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿತ್ತು. ಈಗ ಸರಿಪಡಿಸಿದ್ದಾರೆ, ಸರಿ. ಯಾವ ಪ್ಯಾನೆಲ್ ಹಾಕಿದರೂ ಅದರ ಪೋರ್ಟನ್ನು ಲೋಕಕ್ಕೆಲ್ಲಾ ತೆರೆದಿಡಬೇಡಿ. ಹೆಸ್ಟಿಯಾಗೆ 8083, ವೆಬ್‌ಮಿನ್‌ಗೆ 10000, ಸೈಬರ್‌ಪ್ಯಾನೆಲ್‌ಗೆ 8090. ಫೈರ್‌ವಾಲ್‌ನಲ್ಲಿ ನಿಮ್ಮ ಐಪಿಗೆ ಮಾತ್ರ ಬಿಡಿ, ಇಲ್ಲವೇ ವಿಪಿಎನ್ ಹಿಂದೆ ಇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಮೇಲ್ ಅನ್ನು ಬೇರೆ ಸರ್ವಿಸ್‌ಗೆ ಸಾಗಿಸಿದರೆ ಕ್ಲೌಡ್‌ಪ್ಯಾನೆಲ್ ಸಾಕು ಅಲ್ವಾ?

ಉತ್ತರ 1:
ಧಾರಾಳವಾಗಿ ಸಾಕು. ಎಷ್ಟೋ ವಿಪಿಎಸ್ ಕಂಪನಿಗಳು ಮೇಲ್ ಕಳಿಸುವ ಪೋರ್ಟ್ 25 ಮುಚ್ಚಿಯೇ ಕೊಡುತ್ತವೆ, ಆ ಗೋಳೂ ತಪ್ಪುತ್ತದೆ. ಒಂದೇ ವಿಷಯ, ಕ್ಲೌಡ್‌ಪ್ಯಾನೆಲ್ ಬಳಸುವ ಎನ್‌ಜಿನ್‌ಎಕ್ಸ್ ಎಚ್‌ಟಿಆ್ಯಕ್ಸೆಸ್ ಓದುವುದಿಲ್ಲ. ರೀಡೈರೆಕ್ಟ್‌ಗಳು, ಸೆಕ್ಯುರಿಟಿ ಪ್ಲಗಿನ್‌ಗಳು ಅದರಲ್ಲಿ ಬರೆದ ನಿಯಮಗಳು, ಎಲ್ಲವನ್ನೂ ವಿಹೋಸ್ಟ್ (ಆಯಾ ಸೈಟ್‌ನ ಎನ್‌ಜಿನ್‌ಎಕ್ಸ್ ಕಾನ್ಫಿಗ್) ಫೈಲ್‌ಗೆ ನೀವೇ ತರಬೇಕು. ಮುಖ್ಯವಲ್ಲದ ಒಂದು ಸೈಟ್ ಮೊದಲು ಸಾಗಿಸಿ ನೋಡಿ.