3 ಬಿಎಚ್‌ಕೆ ಫ್ಲಾಟಿನ ಇಂಟೀರಿಯರ್: ಯಾವ ಕೆಲಸ ಮೊದಲು, ಕೊಟೇಶನ್ ಹೋಲಿಸೋದು ಹೇಗೆ?

ಬೆಳ್ಳಂದೂರು_3ಬಿಎಚ್‌ಕೆ

ಮುಂದಿನ ತಿಂಗಳು ಫ್ಲಾಟಿನ ಕೀ ಕೈಗೆ ಬರುತ್ತೆ. ಕಾರ್ಪೆಟ್ ಏರಿಯಾ 1,050 ಚದರಡಿ. ಅಡುಗೆಮನೆ, ಮೂರು ವಾರ್ಡ್‌ರೋಬ್, ಟಿವಿ ಯೂನಿಟ್, ಹಾಲ್‌ಗೆ ಫಾಲ್ಸ್ ಸೀಲಿಂಗ್, ಪೇಂಟಿಂಗ್ ಆಗಬೇಕು. ಕೊಟೇಶನ್‌ನಲ್ಲಿ ಒಬ್ಬರು ಚದರಡಿಗೆ 1,500 ಅಂತಾರೆ, ಇನ್ನೊಬ್ಬರು 400 ಅಂತಾರೆ. ಇಷ್ಟು ವ್ಯತ್ಯಾಸ ಯಾಕೆ? 45 ದಿನದಲ್ಲಿ ಮುಗಿಸ್ತೀವಿ ಅನ್ನೋದನ್ನ ನಂಬಬಹುದಾ? ಬಿಲ್ಡರ್ ಹಾಕಿಕೊಟ್ಟ ಗ್ರಾನೈಟ್ ಕಟ್ಟೆ ಉಳಿಸಿಕೊಂಡೇ ಮಾಡ್ಯುಲರ್ ಕಿಚನ್ ಮಾಡಿಸಬಹುದಾ?

ಸೈಟ್_ರಸಮಟ್ಟ

45 ದಿನ ಸುಳ್ಳಲ್ಲ. ಎಣಿಕೆ ಯಾವತ್ತಿಂದ ಶುರು ಅಂತ ಕೇಳಿ. ಸಾಮಾನ್ಯವಾಗಿ ಡಿಸೈನ್‌ಗೆ ನೀವು ಸಹಿ ಹಾಕಿ, ದೊಡ್ಡ ಕಂತು ಕೊಟ್ಟ ದಿನದಿಂದ. ಅದಕ್ಕೂ ಮೊದಲು ಲೇಔಟ್, ಲ್ಯಾಮಿನೇಟ್ (ಪ್ಲೈ ಮೇಲೆ ಅಂಟಿಸೋ ಹಾಳೆ) ಬಣ್ಣ ಅಂತ ಮೂರ್ನಾಲ್ಕು ವಾರ ಹೋಗಿರುತ್ತೆ. 45ರಲ್ಲಿ ಆರು ಭಾನುವಾರ ಬಿದ್ದುಹೋಗುತ್ತೆ, ಏಕೆಂದರೆ ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಭಾನುವಾರ ಡ್ರಿಲ್ ಮಾಡೋ ಹಾಗಿಲ್ಲ. ಅಸೋಸಿಯೇಷನ್ ಅನುಮತಿ, ಡೆಪಾಸಿಟ್, ಕಸ ಹಾಕೋ ಜಾಗ, ಲಿಫ್ಟಿನಲ್ಲಿ 8 ಅಡಿ ಶೀಟ್ ಹೋಗುತ್ತಾ ಇಲ್ವಾ, ಇವನ್ನು ಕೀ ಸಿಕ್ಕ ವಾರವೇ ವಿಚಾರಿಸಿ.

ಕ್ರಮ ಹೀಗಿರಲಿ. ಮೊದಲು 2ಡಿ ಲೇಔಟ್. 3ಡಿ ಚಿತ್ರಕ್ಕೆ ಅವಸರ ಬೇಡ, ಅದರಲ್ಲಿ ಗ್ಯಾಸ್ ಸಿಲಿಂಡರ್ರೂ ಪೊರಕೆಯೂ ಕಾಣಿಸೋದೇ ಇಲ್ಲ! ಲೇಔಟ್ ಜೊತೆಗೇ ಉಪಕರಣಗಳ ಪಟ್ಟಿ ಮಾಡಿ: ಫ್ರಿಜ್, ಚಿಮಣಿ, ಓವನ್, ಆರ್‌ಒ, ವಾಷಿಂಗ್ ಮಷಿನ್, ಮಿಕ್ಸಿ, ಗ್ರೈಂಡರ್. ಕೊಳ್ಳದಿದ್ದರೂ ಮಾಡೆಲ್ ಗೊತ್ತುಮಾಡಿಕೊಳ್ಳಿ. ಸ್ವಿಚ್ ಪಾಯಿಂಟ್ ಎಲ್ಲಿ ಬರಬೇಕು ಅನ್ನೋದು ಈ ಪಟ್ಟಿಯ ಮೇಲೆ ನಿಂತಿದೆ.

ಆಮೇಲೆ ಒಡೆಯೋ ಕೆಲಸ, ಪ್ಲಂಬಿಂಗ್, ಗೋಡೆ ಕೊರೆದು ವೈರಿಂಗ್. ಲೈಟಿಗೆ 1.5, ಪವರ್ ಸಾಕೆಟ್ಟಿಗೆ 2.5, ಎಸಿ ಮತ್ತು ಗೀಸರ್‌ಗೆ 4 ಚದರ ಮಿ.ಮೀ. ತಂತಿ ಕೇಳಿ. ಎಸಿಯ ತಾಮ್ರದ ಪೈಪು, ನೀರು ಹೋಗೋ ಪೈಪಿನ ಇಳಿಜಾರು ಕೂಡ ಈಗಲೇ ಆಗಬೇಕು. ಜಿಪ್ಸಂ ಬೋರ್ಡ್ ಮುಚ್ಚಿದ ಮೇಲೆ ನೆನಪಾದರೆ ಸೀಲಿಂಗ್ ಕತ್ತರಿಸಬೇಕಾಗುತ್ತೆ. ಫ್ಯಾನ್ ಸ್ಲ್ಯಾಬಿನ ಕೊಕ್ಕೆಯಿಂದಲೇ ಇಳಿಯಬೇಕು, ಜಿಪ್ಸಂಗೆ ಆ ತೂಕ ಹೊರಿಸೋ ಹಾಗಿಲ್ಲ. ಸೀಲಿಂಗ್ ಇಳಿದಷ್ಟು ಉದ್ದದ ರಾಡ್ ಮೊದಲೇ ತನ್ನಿ.

ಸೀಲಿಂಗ್ ಆದ ಮೇಲೆ ಪುಟ್ಟಿ, ಪ್ರೈಮರ್, ಒಂದು ಕೋಟ್ ಬಣ್ಣ. ಕೊನೆ ಕೋಟನ್ನು ಮರದ ಕೆಲಸ ಮುಗಿದ ಮೇಲೆ ಹೊಡೀರಿ.

ಈಗ ಬರುತ್ತೆ ಎರಡನೇ ಅಳತೆ. ಹೆಚ್ಚಿನ ಜಗಳ ಹುಟ್ಟೋದು ಇಲ್ಲಿ. ಕೊಟೇಶನ್‌ಗೆ ತೆಗೆದ ಮೊದಲ ಅಳತೆಯಲ್ಲೇ ಫ್ಯಾಕ್ಟರಿಗೆ ಕಟಿಂಗ್ ಪಟ್ಟಿ ಕಳಿಸಿಬಿಡ್ತಾರೆ, ಮಧ್ಯೆ ಹೊಸ ಟೈಲ್ಸ್, ಗಾರೆ, ಸೀಲಿಂಗ್ ಬಂದಿರುತ್ತೆ. ಗೋಡೆಯಿಂದ ಗೋಡೆಗೆ ಕೂರೋ ವಾರ್ಡ್‌ರೋಬಿನ ಅಗಲವನ್ನ ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು, ಎಲ್ಲಕ್ಕಿಂತ ಕಡಿಮೆ ಇರೋದನ್ನ ಹಿಡಿದು, ಅದರಲ್ಲೂ ಎರಡು ಬದಿ ಸಂದು ಮುಚ್ಚೋ ಪಟ್ಟಿಗೆ, ಅಂದ್ರೆ ಫಿಲ್ಲರ್‌ಗೆ ಜಾಗ ಬಿಡಬೇಕು. ಗೋಡೆ ನೆಟ್ಟಗಿರೋ ಫ್ಲಾಟ್ ಅಪರೂಪ. ಲಾಫ್ಟ್ (ವಾರ್ಡ್‌ರೋಬಿನ ಮೇಲೆ ಬರೋ ಅಟ್ಟ) ಬಾಗಿಲು ತೆರೆದಾಗ ಸೀಲಿಂಗ್ ಲೈಟಿಗೆ ತಾಗುತ್ತಾ ಅಂತಲೂ ನೋಡಿ. ಈ ಅಳತೆಗೆ ಸಹಿ ಬೀಳೋ ತನಕ ಬದಲಾವಣೆ ಅಂದ್ರೆ ಕಾಗದದ ಖರ್ಚು. ಆಮೇಲೆ ಬದಲಾಯಿಸಿದರೆ ಪ್ಲೈವುಡ್‌ನ ಖರ್ಚು.

ಉಳಿ_ಕೀಸುಳಿ

ರೇಟಿನ ಗೊಂದಲಕ್ಕೆ: 1,500 ಅನ್ನೋದು ಮುಂಭಾಗದ ಚದರಡಿಗೆ. 400 ಅನ್ನೋದು ಒಳಗಿನ ಪ್ರತಿ ಹಲಗೆ ಎಣಿಸಿದ ಚದರಡಿಗೆ. 7 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ವಾರ್ಡ್‌ರೋಬ್ ತಗೊಳ್ಳಿ.

ಮುಂಭಾಗ 49 ಚದರಡಿ × 1,500 = 73,500.

ಹಲಗೆ ಲೆಕ್ಕ: ಎರಡು ಬದಿ 28, ಎರಡು ನಡುಗೋಡೆ 28, ಮೇಲೆ-ಕೆಳಗೆ 28, ಹತ್ತು ಶೆಲ್ಫ್ ಸುಮಾರು 47, ಹಿಂಬದಿ 49, ಬಾಗಿಲು 49. ಒಟ್ಟು 229 × 400 = 91,600.

ಅಗ್ಗ ಅಂತ ಕಂಡದ್ದೇ ದುಬಾರಿ ಆಯ್ತು. ಆದರೆ ಮುಂಭಾಗದ ಲೆಕ್ಕದಲ್ಲೂ ಒಂದು ಸಂಗತಿ ಇದೆ: ಡ್ರಾಯರ್ ಎಷ್ಟು, ಶೆಲ್ಫ್ ಎಷ್ಟು ಅಂತ ಬರೆಸದಿದ್ದರೆ ಒಳಗೆ ಖಾಲಿ ಪೆಟ್ಟಿಗೆ ಬರುತ್ತೆ, ಮಿಕ್ಕಿದ್ದೆಲ್ಲ ಎಕ್ಸ್‌ಟ್ರಾ. ಲಾಫ್ಟ್, ಹ್ಯಾಂಡಲ್, ಲೈಟ್, ಸಾಗಾಣಿಕೆ, 18% ಜಿಎಸ್‌ಟಿ ಸೇರಿದೆಯಾ ಇಲ್ವಾ ಅನ್ನೋದನ್ನ ಪ್ರತ್ಯೇಕ ಸಾಲಿನಲ್ಲಿ ಬರೆಸಿ.

ಸೈಟಲ್ಲೇ ಬಡಗಿ ಕೈಲಿ ಮಾಡಿಸೋದಾದರೆ ಇದೇ ವಾರ್ಡ್‌ರೋಬಿಗೆ 18 ಮಿ.ಮೀ. ಪ್ಲೈ 180 ಚದರಡಿ ಬೇಕು. 8×4 ಶೀಟ್ ಅಂದ್ರೆ 32 ಚದರಡಿ, ವೇಸ್ಟ್ ಸೇರಿ ಏಳು ಶೀಟ್ ಹಿಡೀರಿ, ಹಿಂಬದಿಗೆ ತೆಳು ಪ್ಲೈ ಎರಡು. ಬಾಗಿಲಿಗೆ ಹೊರಗೆ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿದರೆ ಒಳಬದಿಗೂ ಲ್ಯಾಮಿನೇಟ್ ಬೇಕೇ ಬೇಕು. ಒಂದೇ ಬದಿ ಅಂಟಿಸಿದ ಬಾಗಿಲು ಬಾಗುತ್ತೆ. 7 ಅಡಿ ಬಾಗಿಲಿಗೆ ಮೂರು ಹಿಂಜ್ ಹಾಕಿ ಕೈತೊಳೆದುಕೊಳ್ಳೋರಿದ್ದಾರೆ, ನಾಲ್ಕಕ್ಕೆ ಕಡಿಮೆ ಒಪ್ಪಬೇಡಿ.

ಬೆಳ್ಳಂದೂರು_3ಬಿಎಚ್‌ಕೆ

ಈ ಲೆಕ್ಕ ಯಾರೂ ಬಿಡಿಸಿ ಹೇಳಿರಲಿಲ್ಲ, ಥ್ಯಾಂಕ್ಸ್. ಅಡುಗೆಮನೆ ಕಟ್ಟೆ ಬಗ್ಗೆ ಹೇಳಿ. ಕಂತು ಹೇಗೆ ಕೊಡೋದು?

ಸೈಟ್_ರಸಮಟ್ಟ

ಕಟ್ಟೆ ಉಳಿಸಬಹುದು, ಆದರೆ ಅದು ಯಾವುದರ ಮೇಲೆ ಕೂತಿದೆ ನೋಡಿ. ಕೆಳಗೆ ಕಡಪ ಕಲ್ಲೋ ಇಟ್ಟಿಗೆಯೋ ಆಧಾರಕ್ಕಿದ್ದರೆ ಅದನ್ನು ತೆಗೆದು ಪೆಟ್ಟಿಗೆ ತುರುಕೋ ಹಾಗಿಲ್ಲ, ಗ್ರಾನೈಟ್ ಬಿರುಕು ಬಿಡುತ್ತೆ. ಆಧಾರಗಳ ನಡುವಿನ ಜಾಗಕ್ಕೆ ಒಂದೊಂದಾಗಿ ಪೆಟ್ಟಿಗೆ ಮಾಡಬೇಕು, ಡ್ರಾಯರ್ ಅಗಲ ಆ ಕಲ್ಲುಗಳು ಬಿಟ್ಟಷ್ಟೇ.

ಹೊಸದಾಗಿ ಮಾಡಿದರೆ ಕಾಲು 100, ಪೆಟ್ಟಿಗೆ 720, ಕಲ್ಲು 20, ಒಟ್ಟು 840 ಮಿ.ಮೀ. ಎತ್ತರ. ಎತ್ತರದವರು ಅಡುಗೆ ಮಾಡೋ ಮನೆಯಾದರೆ ಕಾಲು ಏರಿಸಬಹುದು. ಕಲ್ಲಿನ ಅಳತೆ ಕೆಳಗಿನ ಪೆಟ್ಟಿಗೆಗಳು ಕೂತು ರಸಮಟ್ಟ ನೋಡಿದ ಮೇಲೇ ತೆಗೀಬೇಕು. ಮೂಲೆಯಲ್ಲಿ ಕನಿಷ್ಠ 50 ಮಿ.ಮೀ. ಫಿಲ್ಲರ್ ಬಿಡದಿದ್ದರೆ ಒಂದು ಡ್ರಾಯರ್ ಇನ್ನೊಂದರ ಹ್ಯಾಂಡಲ್‌ಗೆ ಹೊಡೆದು ಅರ್ಧಕ್ಕೇ ನಿಲ್ಲುತ್ತೆ. ಒಲೆಯಿಂದ ಚಿಮಣಿ 65ರಿಂದ 75 ಸೆಂ.ಮೀ. ಮೇಲಿರಲಿ, ಪೈಪು 6 ಇಂಚಿನದು, ತಿರುವು ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ಗೋಡೆಗೆ ತೂತು ಹಾಕಿಸುವಾಗ ಬೀಮ್ ತಪ್ಪಿಸಿ.

ಕರಾವಳಿ_ಬಡಗಿಶಾಲೆ

ಪ್ಲೈ ಬಗ್ಗೆ ಒಂದು ಮಾತು. ಶೀಟ್ ಮೇಲೆ ಐಎಸ್ 303 (ಭಾರತೀಯ ಗುಣಮಟ್ಟದ ನಂಬರ್) ಅಂತ ಕಂಡ ಮಾತ್ರಕ್ಕೆ ನೀರಿಗೆ ತಡೆಯುತ್ತೆ ಅಂತ ಅಲ್ಲ. ಅದೇ ನಂಬರಿನಲ್ಲಿ ಎಂಆರ್ (ತೇವ ತಡೆಯೋದು) ಮತ್ತು ಬಿಡಬ್ಲ್ಯುಆರ್ (ಕುದಿಯೋ ನೀರನ್ನೂ ತಡೆಯೋದು) ಅಂತ ಎರಡು ದರ್ಜೆ ಇವೆ. ಎಂಆರ್ ತೇವದ ಗಾಳಿ ತಡೀಬಹುದು, ನಿಂತ ನೀರು ತಡೆಯಲ್ಲ. ಐಎಸ್ 710 ಮೆರೈನ್ ಪ್ಲೈ. ಇಡೀ ಮನೆಗೆ 710 ಹಾಕಿ ದುಡ್ಡು ಸುರಿಯೋದು ಬೆಂಗಳೂರಿನಲ್ಲಿ ಅಗತ್ಯವಿಲ್ಲ. ಸಿಂಕ್ ಕೆಳಗೆ ಮತ್ತು ಬಾತ್‌ರೂಮ್ ವ್ಯಾನಿಟಿಗೆ 710, ಉಳಿದ ಅಡುಗೆಮನೆ ಪೆಟ್ಟಿಗೆಗೆ ಬಿಡಬ್ಲ್ಯುಆರ್, ಒಣಗಿರೋ ಗೋಡೆಯ ವಾರ್ಡ್‌ರೋಬಿಗೆ ಎಂಆರ್ ಸಾಕು. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗೋದಿಲ್ಲ, ಅಲ್ಲಿ ಎಂಆರ್ ಮುಟ್ಟಬೇಡಿ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂತೂ ದೂರವೇ ಇರಲಿ.

ಊದಿಕೊಳ್ಳೋದು ಹೆಚ್ಚಾಗಿ ಅಂಚಿನಿಂದ. ಸಿಂಕ್ ಪೆಟ್ಟಿಗೆಗೆ ಪೈಪಿಗಾಗಿ ಕೊರೆದ ತೂತಿನ ಅಂಚನ್ನು ಹಾಗೇ ಬಿಟ್ಟಿರ್ತಾರೆ, ಅಲ್ಲಿಗೆ ಸಿಲಿಕೋನ್ ಹಚ್ಚಿಸಿ. ಬಾತ್‌ರೂಮಿಗೆ ಅಂಟಿದ ಗೋಡೆಗೆ ವಾರ್ಡ್‌ರೋಬ್ ಬರೋದಾದರೆ ತೇವ ಇದೆಯಾ ಮೊದಲು ನೋಡಿ, ಇದ್ದರೆ ವಾಟರ್‌ಪ್ರೂಫಿಂಗ್ ಮುಗಿಸದೆ ಹಲಗೆ ನಿಲ್ಲಿಸಬೇಡಿ. ಹಿಂಬದಿಯ ಫಂಗಸ್ ಕಣ್ಣಿಗೆ ಬೀಳೋ ಹೊತ್ತಿಗೆ ಬಟ್ಟೆಗೂ ಹತ್ತಿರುತ್ತೆ.

ಉಳಿ_ಕೀಸುಳಿ

ಕಂತಿನ ಪ್ರಶ್ನೆ ಉಳಿದಿತ್ತು. ಬುಕಿಂಗ್‌ಗೆ 10%, ಎರಡನೇ ಅಳತೆಗೆ ಸಹಿ ಆದಾಗ 40%, ಸಾಮಾನು ಸೈಟಿಗೆ ಬಂದು ಪಟ್ಟಿ ಪ್ರಕಾರ ಎಣಿಸಿದ ಮೇಲೆ 40%, ಉಳಿದ 10% ಕೊನೆಗೆ. ಕೆಲವರು ಫ್ಯಾಕ್ಟರಿಯಿಂದ ಹೊರಡೋ ಮುಂಚೆಯೇ ಪೂರ್ತಿ ಕೇಳ್ತಾರೆ, ಆ ಕೊನೆ 10%ಗೆ ಮಾತ್ರ ಪಟ್ಟು ಬಿಡಬೇಡಿ.

ಅದನ್ನ ಕೊಡೋ ಮುಂಚೆ: ಎಲ್ಲ ಬಾಗಿಲಿನ ಸಂದು ಒಂದೇ ಸಮ ಇದೆಯಾ, ಡ್ರಾಯರ್‌ಗೆ ಪಾತ್ರೆ ತುಂಬಿ ಎಳೆದಾಗ ಜೋಲುತ್ತಾ, ಸಿಂಕ್ ತುಂಬಾ ನೀರು ನಿಲ್ಲಿಸಿ ಒಮ್ಮೆಲೇ ಬಿಟ್ಟಾಗ ಕೆಳಗೆ ಹನಿ ಬೀಳುತ್ತಾ, ಪ್ರತಿ ಸಾಕೆಟ್ ಕೆಲಸ ಮಾಡುತ್ತಾ ಪರೀಕ್ಷಿಸಿ. ವೈರಿಂಗ್ ಮುಚ್ಚೋ ಮುಂಚೆ ಪ್ರತಿ ಗೋಡೆಯ ಫೋಟೋವನ್ನ ಅಳತೆ ಟೇಪ್ ಹಿಡಿದು ತೆಗೆದಿಟ್ಟುಕೊಳ್ಳಿ, ಟಿವಿಗೆ ಡ್ರಿಲ್ ಹಾಕೋ ದಿನ ಬೇಕಾಗುತ್ತೆ.